ಪೂಜೆಗಿಟ್ಟ ಪಿನ್ನು

ಕೊಚ್ಚಿಯ ತೋಪ್ಪುಂಪಡಿಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದ ಉಮಾಮಹೇಶ್ವರನಿಗೆ ವರ್ಷಕ್ಕೆ ಒಂದೇ ಪ್ರಯಾಣ. ಊರಿಗೆ ಹೋಗುತ್ತಿರಲಿಲ್ಲ, ತಿರುಪತಿಗೆ ಹೋಗುತ್ತಿರಲಿಲ್ಲ, ಹೆಂಡತಿಯ ತಂಗಿಯ ಮದುವೆಗೂ ಏನೋ ನೆಪ ಹೇಳಿ ತಪ್ಪಿಸಿಕೊಂಡ. ಆದರೆ ವಿಜಯದಶಮಿ ಬಂತೆಂದರೆ ಕತ್ತಲಿರುವಾಗಲೇ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಎರ್ನಾಕುಲಂನಿಂದ ತಿರುವನಂತಪುರದ ರೈಲು ಹಿಡಿಯುತ್ತಿದ್ದ. ಅಲ್ಲಿ ಕರಮನೆಯ ಹೊಳೆಯ ಹತ್ತಿರ ಒಂದು ಓಣಿ, ಓಣಿಯಲ್ಲಿ ನೀಲಕಂಠನ್ ಆಶಾರಿ ಎಂಬ ಬಡಗಿಯ ಮನೆ. ಆ ಮನೆಯ ಬೇಲಿಯ ಹೊರಗೆ ನಿಲ್ಲುತ್ತಿದ್ದ. ಯಾರಾದರೂ ಒಳಗೆ ಕರೆದಾರು ಎಂದು ಆಸೆ. ಯಾರೂ ಕರೆಯುತ್ತಿರಲಿಲ್ಲ. ಬಿಸಿಲು ಇಳಿಯುವವರೆಗೆ ನಿಂತು ಬಂದ ದಾರಿಯಲ್ಲೇ ವಾಪಸ್ಸು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಅನಸೂಯಾ ಕೇಳುತ್ತಿದ್ದಳು. “ಏನೂಂದ್ರೆ, ಉಳಿ ಎತ್ತಿದರಾ?”

“ಇಲ್ಲ ಕಣೇ. ಇಟ್ಟಲ್ಲೇ ಇವೆ.”

ಗಂಡಹೆಂಡಿರ ನಡುವೆ ಆ ದಿನದ ಮಾತು ಅಷ್ಟೇ. ಅದರ ಅರ್ಥ ತಿಳಿಯಬೇಕಾದರೆ ಕೇರಳದವರ ನವರಾತ್ರಿಯ ಕ್ರಮ ಗೊತ್ತಿರಬೇಕು. ಅವರಲ್ಲಿ ಅಷ್ಟಮಿಯ ಸಂಜೆ ಬಡಗಿ ತನ್ನ ಉಳಿ, ಕಮ್ಮಾರ ತನ್ನ ಸುತ್ತಿಗೆ, ಮಕ್ಕಳು ತಮ್ಮ ಪುಸ್ತಕ, ಎಲ್ಲವನ್ನೂ ದೇವಿಯ ಮುಂದೆ ಇಡುತ್ತಾರೆ. ಪೂಜೆಗಿಟ್ಟಿತೆಂದರೆ ಮುಗಿಯಿತು, ನವಮಿಯಿಡೀ ಯಾರೂ ಯಾವ ಹತಾರವನ್ನೂ ಮುಟ್ಟುವ ಹಾಗಿಲ್ಲ. ದಶಮಿಯ ಬೆಳಗ್ಗೆ ಇಟ್ಟವನೇ ತನ್ನ ಕೈಯಾರೆ ಎತ್ತಿಕೊಂಡು ಹೊಸದಾಗಿ ಕೆಲಸ ಶುರುಮಾಡಬೇಕು. ನೀಲಕಂಠನ್ ಆಶಾರಿ ಎಪ್ಪತ್ತಮೂರನೇ ಇಸವಿಯ ಅಷ್ಟಮಿಯಲ್ಲಿ ಪೂಜೆಗಿಟ್ಟ ಹತಾರಗಳನ್ನು ಆಮೇಲೆ ಎತ್ತಲೇ ಇಲ್ಲ. ಎತ್ತುವ ಕೈ ಅವನಿಗೆ ಉಳಿಯಲಿಲ್ಲ. ಅವನು ಹೇಗಾದರೂ ಅವನ್ನು ಎತ್ತಿಕೊಂಡದ್ದನ್ನು ಕಣ್ಣಾರೆ ನೋಡಬೇಕು, ನೋಡಿದ ಮೇಲೆ ಸತ್ತರೂ ಚಿಂತೆಯಿಲ್ಲ ಎಂಬುದೊಂದೇ ಉಮಾಮಹೇಶ್ವರನ ಜೀವದಲ್ಲಿ ಉಳಿದಿದ್ದ ಆಸೆ.

ಆಸೆ ಸಣ್ಣದು ಎನ್ನಬೇಡಿ. ಕಳೆದವನಿಗೆ ಗೊತ್ತು ಕಳೆದದ್ದರ ತೂಕ.

ಉಮಾಮಹೇಶ್ವರ ನಂಜನಗೂಡಿನ ಕಡೆಯವನು. ಮೈಸೂರಿನ ಗ್ಯಾರೇಜೊಂದರಲ್ಲಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತ. ಅರವತ್ತರ ದಶಕದಲ್ಲಿ ಕೊಚ್ಚಿಯ ಒಬ್ಬ ಮರದ ಸಾಹುಕಾರರು, ಮಂಗಳೂರಿನವರು, ಪರದೇಶದಿಂದ ಪೆಟ್ರೋಲ್ ಎಂಜಿನ್ನಿನ ಸರಪಳಿ ಗರಗಸ ತರಿಸಿದ್ದಾರೆ, ಬಿಚ್ಚಿ ಜೋಡಿಸಬಲ್ಲವರು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಟ್ರಂಕು ಹೊತ್ತು ಹೊರಟುಬಂದ. ಕಾಡಿನಿಂದ ಬರುವ ಗರಗಸಗಳಿಗೆ ಮೈತುಂಬ ಮರದ ಅಂಟು, ಹೊಟ್ಟು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಗುಡುಗಿಸುವುದು ಅವನ ಕೆಲಸ. ಆ ಎಂಜಿನ್ನಿನ ಮೇಲೆ ಅವನಿಗೆ ಮೋಹವೇ ಹುಟ್ಟಿತು. ಬೈಕಿನ ಎಂಜಿನ್ನನ್ನು ಮಗುಚಿ ಹಾಕಿದರೆ ಅಲ್ಲೇ ಉಸಿರು ನಿಲ್ಲುತ್ತದೆ. ಗರಗಸದ್ದು ಹಾಗಲ್ಲ. ಮರ ಕಡಿಯುವವನು ಅಡ್ಡ ಹಿಡಿಯಲಿ, ತಲೆಕೆಳಗು ಮಾಡಲಿ, ಅದು ಒಂದೇ ಸಮ ಓಡುತ್ತದೆ. “ಇದು ಮರ ಕಡಿಯೋದಕ್ಕೆ ಹುಟ್ಟಿದ್ದಲ್ಲ, ಹಾರೋದಕ್ಕೆ ಹುಟ್ಟಿದ್ದು” ಎಂದು ಆಗಲೇ ಹೇಳುತ್ತಿದ್ದನಂತೆ.

ಆಮೇಲೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಮದುವೆಯಾಯಿತು, ಶಾಂತಾ ಎಂಬ ಮಗಳು ಹುಟ್ಟಿದಳು. ಕರಮನೆಯಲ್ಲಿ ಹಿತ್ತಲಿರುವ ಬಾಡಿಗೆ ಮನೆ. ಮನುಷ್ಯ ಬಹಳ ಹುಷಾರು. ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವವನು, ಹೆಂಡತಿ ಆರಿಸಿದ ಒಲೆಯನ್ನು ತಾನೊಮ್ಮೆ ಹೋಗಿ ನೋಡಿ ಬರುವವನು. ಇಂಥವನ ಕೈಯಲ್ಲಿ ಅನಾಹುತ ಆಗುತ್ತದೆ ಎಂದರೆ ಯಾರು ನಂಬುತ್ತಾರೆ? ಹುಷಾರಿನವರ ಪಾಡೇ ಅಷ್ಟು. ವರ್ಷವೆಲ್ಲ ಎಚ್ಚರವಾಗಿದ್ದು ಬೇಕಾದ ಗಳಿಗೆಯಲ್ಲಿ ನಿದ್ದೆ ಹೋಗುತ್ತಾರೆ.

ಭಾನುವಾರಗಳಲ್ಲಿ ಸಂಸ್ಥೆಯ ಕೆಲವು ಎಂಜಿನಿಯರುಗಳು ಶಂಖುಮುಖದ ಕಡಲತೀರದ ಮರಳಿನ ಮೇಲೆ ಪುಟ್ಟ ವಿಮಾನ ಹಾರಿಸುತ್ತಿದ್ದರು. ಬೆರಳುದ್ದದ ಎಂಜಿನ್, ಮೊಳದುದ್ದದ ರೆಕ್ಕೆ, ನೊಣದ ಸದ್ದು. ಉಮಾಮಹೇಶ್ವರ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೆಯ ದಿನ ತಡೆಯಲಾರದೆ ಬಾಯಿಬಿಟ್ಟ. “ಸಾರ್, ಗರಗಸದ ಎಂಜಿನ್ ಹಾಕಿ ಆಳೆತ್ತರದ್ದೇ ಒಂದು ಮಾಡಬಹುದು.” ಅವರು ನಕ್ಕರು. ನಕ್ಕವರೇ ಆಮೇಲೆ, ನೀನು ಎಂಜಿನ್ ಓಡಿಸಿ ತೋರಿಸು, ನೆಲದಿಂದ ನಡೆಸುವ ರೇಡಿಯೋ ನಾವು ಕೊಡುತ್ತೇವೆ ಎಂದರು. ಸಾಕಲ್ಲ, ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು.

ಕೊಚ್ಚಿಗೆ ಓಡಿದ. ಸಾಹುಕಾರರ ಶೆಡ್ಡಿನ ಮೂಲೆಯಲ್ಲಿ ಮೈ ಒಡೆದ ಹಳೆಯ ಗರಗಸವೊಂದು ಬಿದ್ದಿತ್ತು, ಎಂಜಿನ್ ಮಾತ್ರ ಗಟ್ಟಿ. “ಕೊಂಡೋಗು ಮಾರಾಯ, ಅದನ್ನು ಇಲ್ಲಿ ಯಾರು ಕೇಳ್ತಾರೆ” ಎಂದು ಸಾಹುಕಾರರು ಕೊಟ್ಟುಬಿಟ್ಟರು. ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತಂದ. ಸರಪಳಿ ತೆಗೆದ, ಹಿಡಿ ತೆಗೆದ, ಎಣ್ಣೆಯ ಡಬ್ಬಿ ತೆಗೆದ. ಕಿಡಿ ಹುಟ್ಟಿಸುವ ದಪ್ಪ ಚಕ್ರದ ಭಾರವನ್ನು ಲೇತಿನಲ್ಲಿ ಸವೆಸಿ ಇಳಿಸಿದ. ಸರಪಳಿಯನ್ನು ಓಡಿಸುತ್ತಿದ್ದ ಕ್ಲಚ್ಚು ಬಿಚ್ಚಿ, ಅದೇ ಜಾಗದಲ್ಲಿ ಪ್ರೊಪೆಲ್ಲರ್ ಕೂರಿಸಲು ಉಕ್ಕಿನ ಹಬ್ಬು ಕಡೆದ. ಅಲ್ಲಿಗೆ ಬಂದು ಗಾಡಿ ನಿಂತಿತು. ಆ ತುದಿಯಲ್ಲಿ ಗರಗಸದ ಎಂಜಿನ್ ಸುತ್ತುವುದು ವಿಮಾನದ ಎಂಜಿನ್ನಿಗೆ ತಿರುಗಾಮುರುಗ. ಅದರ ನಟ್ಟೂ ಎಡಕ್ಕೆ ಬಿಗಿಯುವ ನಟ್ಟು. ಅಂಗಡಿಯಲ್ಲಿ ಸಿಗುವ ಪ್ರೊಪೆಲ್ಲರ್ ಅದಕ್ಕೆ ಆಗದು, ತಿರುವುಮುರುವಾಗಿ ಕೆತ್ತಿದ್ದೇ ಬೇಕು.

ಕೆತ್ತುವವನು ಎರಡು ಓಣಿಯಾಚೆ ಇದ್ದ. ನೀಲಕಂಠನ್ ಆಶಾರಿ ಆಗ ಐವತ್ತರ ಆಸುಪಾಸು. ಬಸ್ಸಿನ ಬಾಡಿ ಕಟ್ಟುವಲ್ಲಿ ದುಡಿದವನು, ದೇವಸ್ಥಾನದ ಬಾಗಿಲು ಕೆತ್ತಿದವನು. ಮರವನ್ನೂ ಬಲ್ಲ, ನಟ್ಟುಬೋಲ್ಟನ್ನೂ ಬಲ್ಲ. ಉಮಾಮಹೇಶ್ವರ ವಿವರಿಸುವಾಗ ನಗದೆ ಕೇಳಿದವನು ಕರಮನೆಯಲ್ಲಿ ಇವನೊಬ್ಬನೇ. ಎಲೆಯಡಿಕೆ ಉಗಿದು ಬಂದು, “ಅಂದರೆ ಎಡಗೈಯವನ ಪಂಖ ಬೇಕು ಸ್ವಾಮಿಗೆ” ಎಂದ. ಅಲ್ಲಿ ಕನ್ನಡದ ಜನಿವಾರದವರನ್ನೆಲ್ಲ ಸ್ವಾಮಿ ಎನ್ನುತ್ತಿದ್ದರು. ಉಮಾಮಹೇಶ್ವರ ಅವನನ್ನು ‘ಆಶಾನೇ’ ಎಂದು, ಗುರುವನ್ನು ಕರೆಯುವ ಹಾಗೆ ಕರೆಯುತ್ತಿದ್ದ. ಒಬ್ಬನ ಮಲಯಾಳಂ ಮುರುಕು, ಇನ್ನೊಬ್ಬನಿಗೆ ಕನ್ನಡ ಸೊನ್ನೆ. ಆದರೂ ಮಾತಿಗೆ ಬರವಿರಲಿಲ್ಲ.

ಇಬ್ಬರೂ ಸೇರಿ ಮರದಲ್ಲಿ ವಿಮಾನದ ಒಡಲು ಕಟ್ಟಿ ಅದರ ಮೂತಿಗೆ ಎಂಜಿನ್ ಕೂರಿಸಿದರು. ಹೆಬ್ಬಲಸಿನ ಹಲಗೆ ತಂದು ಆಶಾರಿ ಪ್ರೊಪೆಲ್ಲರ್ ಕೆತ್ತಿದ. ಮಧ್ಯಕ್ಕೆ ಮೊಳೆ ತೂರಿಸಿ ತೂಗಿ ನೋಡುವನು. ಒಂದು ಕಡೆ ಎಳ್ಳಷ್ಟು ವಾಲಿದರೂ ಆ ಕಡೆ ಉಜ್ಜುವನು. ಅಂಚನ್ನು ಚಾಕುವಿನಂತೆ ತೆಳ್ಳಗೆ ಮಾಡಿ, ಕಣ್ಣು ಮುಚ್ಚಿ ಬಲಗೈಯ ಬೆರಳು ಆಡಿಸಿ ಉಬ್ಬುತಗ್ಗು ಹೇಳುವನು. “ಕಣ್ಣು ಸುಳ್ಳು ಹೇಳುತ್ತೆ ಸ್ವಾಮಿ, ಬೆರಳು ಹೇಳಲ್ಲ.” ಸಂಜೆ ಡ್ಯೂಟಿ ಮುಗಿಸಿ ಬಂದ ಉಮಾಮಹೇಶ್ವರ ಹಿತ್ತಲಲ್ಲಿ ಅವನ ಎದುರು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಅನಸೂಯಾ ಇಬ್ಬರಿಗೂ ಕಾಫಿ ಕೊಡುತ್ತಿದ್ದಳು. ಶಾಂತಾ ‘ಆಶಾರಿಮಾಮಾ’ ಎಂದು ಸುತ್ತ ಕುಣಿಯುತ್ತಿದ್ದಳು. ಉಮಾಮಹೇಶ್ವರನ ಬದುಕಿನಲ್ಲಿ ಸುಖ ಎಂದು ಏನಾದರೂ ಇದ್ದಿದ್ದರೆ ಅದು ಆ ಸಂಜೆಗಳಲ್ಲಿ ಇತ್ತು.

ನವರಾತ್ರಿ ಹತ್ತಿರ ಬಂದಾಗ ಇಬ್ಬರಿಗೂ ಮಾತಿಗೆ ಮಾತು ಹತ್ತಿತು. ಮೈಸೂರು ಕಡೆ ಆಯುಧಪೂಜೆ ಎಂದರೆ ಮಹಾನವಮಿಯ ದಿನ ಯಂತ್ರ ತೊಳೆದು, ಗಂಧ ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳ ಒಡೆದು, ಆಮೇಲೆ ಓಡಿಸಲೇಬೇಕು. ಬಸ್ಸಾದರೆ ಒಂದು ಸುತ್ತು ಹೋಗಿಬರಬೇಕು, ರೈಸ್ ಮಿಲ್ಲಾದರೆ ಒಂದು ಹಿಡಿ ಅಕ್ಕಿಯಾದರೂ ಬೀಳಬೇಕು. ಕೇರಳದಲ್ಲಿ ಅದೇ ದಿನ ಮುಟ್ಟಕೂಡದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ.

“ವರ್ಷವಿಡೀ ದುಡಿಸಿಕೊಂಡ ಹತಾರಕ್ಕೆ ಒಂದು ದಿನ ರಜೆ ಕೊಡದ ನೀವು ಎಂಥ ಜನ ಸ್ವಾಮಿ?” ಎನ್ನುತ್ತಿದ್ದ ಆಶಾರಿ.

“ಪೂಜೆ ಮಾಡಿ ಸುಮ್ಮನೆ ಕೂರಿಸೋದು ಯಾವ ನ್ಯಾಯ ಆಶಾನೇ? ಮದುಮಗನಿಗೆ ಬಾಸಿಂಗ ಕಟ್ಟಿ ಮನೇಲೇ ಇಟ್ಟುಕೊಂಡ ಹಾಗೆ.”

“ಮುಟ್ಟಿ ನೋಡಿ. ಬಂದು ಕಿವಿ ಹಿಂಡುತ್ತೇನೆ.”

ಇದು ತಮಾಷೆ. ಇಬ್ಬರೂ ನಗುತ್ತಿದ್ದರು. ಈ ತಮಾಷೆಯೇ ಆಮೇಲೆ ಕೊರಳಿಗೆ ಉರುಳಾಯಿತು.

ಅಷ್ಟಮಿಯ ದಿನ ಉಮಾಮಹೇಶ್ವರ ಡ್ಯೂಟಿಯಲ್ಲಿದ್ದಾಗ ಆಶಾರಿ ಬಂದು ಪ್ರೊಪೆಲ್ಲರನ್ನು ಹಬ್ಬಿನ ಮೇಲೆ ಕೂರಿಸಿದ. ನಟ್ಟನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿದ. ಪಾನಾ ಹಾಕಿ ಬಿಗಿ ಮಾಡಿ, ನಟ್ಟು ಜಾರದಂತೆ ಅಡ್ಡ ತೂತಿನಲ್ಲಿ ಪಿನ್ನು ಹಾಕಿ ತುದಿ ಅಗಲಿಸುವುದೊಂದು ಬಾಕಿ. ಅಷ್ಟರಲ್ಲಿ ದೇವಸ್ಥಾನದ ಕಡೆಯಿಂದ ಚೆಂಡೆ ಕೇಳಿಸಿತು. ಪೂಜೆಗಿಡುವ ಹೊತ್ತು. ಹೊತ್ತು ಮೀರಿದರೆ ಹತಾರ ಹೊರಗೇ ಉಳಿಯುತ್ತದೆ. ಅವನು ಪಾನಾ, ಪಿನ್ನು, ಉಳಿ, ಎಲ್ಲವನ್ನೂ ಸಂಚಿಗೆ ತುಂಬಿ, “ಇನ್ನು ದಶಮಿಗೆ ಬರುತ್ತೇನೆ” ಎಂದು ಅನಸೂಯಾಗೆ ಹೇಳಿ ಮನೆಗೆ ನಡೆದ. ಕೆಲಸ ಬಾಕಿಯಿದೆ ಎಂದು ಹೇಳಲಿಲ್ಲ. ಯಾಕೆ ಹೇಳಬೇಕು? ನವಮಿಯ ದಿನ ಯಂತ್ರ ಮುಟ್ಟುವವರು ಲೋಕದಲ್ಲಿ ನಿಜವಾಗಿ ಇರುತ್ತಾರೆ ಎಂದು ಅವನ ಮನಸ್ಸಿಗೆ ಬಂದರೆ ತಾನೇ? ಸ್ವಾಮಿಯ ಮಾತನ್ನು ಅವನು ಬರೀ ಮಾತೆಂದೇ ತಿಳಿದಿದ್ದ.

ಸಂಜೆ ಮನೆಗೆ ಬಂದ ಉಮಾಮಹೇಶ್ವರ ಮೂತಿಯಲ್ಲಿ ಕೂತ ಪ್ರೊಪೆಲ್ಲರ್ ಕಂಡು ಹಿಗ್ಗಿದ. ಆಶಾನು ಹಬ್ಬಕ್ಕೆ ಸರಿಯಾಗಿ ಮುಗಿಸಿಕೊಟ್ಟಿದ್ದಾನೆ ಎಂದುಕೊಂಡ. ಆಶಾರಿ ಅರೆಕೆಲಸ ಬಿಟ್ಟುಹೋಗುವವನಲ್ಲ ಎಂದು ಇವನ ನಂಬಿಕೆ.

ಮಹಾನವಮಿಯ ಬೆಳಗ್ಗೆ ವಿಮಾನದ ಒಡಲನ್ನು ಹಿತ್ತಲಿಗೆ ತಂದು, ಬಾಲವನ್ನು ತೆಂಗಿನ ಮರಕ್ಕೆ ಹಗ್ಗದಿಂದ ಕಟ್ಟಿದ. ರೆಕ್ಕೆ ಇನ್ನೂ ಆಗಿರಲಿಲ್ಲ. ಬೇರೆ ದಿನಗಳಲ್ಲಿ ಪ್ರೊಪೆಲ್ಲರ್ ಇಲ್ಲದೆ ಎಂಜಿನ್ ಓಡಿಸಿ ನೋಡುವಾಗಲೂ ಅದರ ಮೂತಿ ಯಾವಾಗಲೂ ಕಾಂಪೌಂಡ್ ಗೋಡೆಯ ಕಡೆಗೆ. ಪೂಜೆಗೆ ಪೂರ್ವಕ್ಕೆ ಮುಖ ಇರಬೇಕಲ್ಲ, ತಿರುಗಿಸಿ ಇಟ್ಟ. ಪೂರ್ವಕ್ಕೆ ಇದ್ದದ್ದು ಓಣಿಯ ಗೇಟು. ಅನಸೂಯಾ ಹಬ್ಬಿನ ಮೇಲೆ ಗಂಧ ಮೆತ್ತಿ, ಕುಂಕುಮವಿಟ್ಟು, ನಟ್ಟಿಗೆ ಒಂದು ಸೇವಂತಿಗೆ ಸಿಕ್ಕಿಸಿದಳು. ನಟ್ಟೂ ಕಾಣಲಿಲ್ಲ, ಖಾಲಿ ತೂತೂ ಕಾಣಲಿಲ್ಲ. ಬೀಗವನ್ನು ಮೂರು ಸಲ ಎಳೆಯುವ ಮನುಷ್ಯ ಅವತ್ತು ದೇವರ ಗಂಧ ಕೆರೆದು ನೋಡಲಿಲ್ಲ. ರಾಹುಕಾಲ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಬೇರೆ.

ಆರತಿಯಾಯಿತು, ಕುಂಬಳ ಒಡೆಯಿತು. ಪಕ್ಕದಲ್ಲಿ ನಿಂತು ಕೋಲಿನಿಂದ ಪ್ರೊಪೆಲ್ಲರ್ ತಿರುವಿದ. ಎಂಜಿನ್ ಒಮ್ಮೆ ಹಿಂದಕ್ಕೆ ಒದೆಯಿತು. ಹೂವು ಹಾರಿಹೋಯಿತು. ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ಎಲ್ಲ ಕೆಲಸ ನಿಂತು ಊರಿಗೆ ಊರೇ ಮೌನವಾಗಿದ್ದ ದಿನ, ಆ ಸದ್ದು ಕರಮನೆಯ ಓಣಿಗಳಲ್ಲೆಲ್ಲ ಹೊಕ್ಕಿತು.

ಆಶಾರಿ ಊಟದ ಎಲೆಯ ಮುಂದೆ ಕೂತಿದ್ದನಂತೆ. ಕೇಳಿದವನೇ ಎದ್ದ. ಬರಿಮೈ, ಮುಂಡು ಎತ್ತಿ ಕಟ್ಟಿ, ಎಂಜಲು ಕೈಯಲ್ಲೇ ಎರಡು ಓಣಿ ಓಡಿದ. ಗೇಟು ತಳ್ಳಿ ಒಳಗೆ ಬಂದು ಬಲಗೈ ಮೇಲೆತ್ತಿ ಬೀಸಿದ. ಬಾಯಿ ತೆರೆದು ಏನೋ ಕೂಗಿದ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಉಮಾಮಹೇಶ್ವರ ನೋಡಿದ. ಬಂದ ನೋಡು ಕಿವಿ ಹಿಂಡೋಕೆ, ಎಂದುಕೊಂಡ. ನಕ್ಕ. ನಕ್ಕದ್ದು ಸಾಲದೆಂದು, ಹುಡುಗರು ಬೈಕಿನ ಮೇಲೆ ಕೂತು ಗುರ್ರೆನ್ನಿಸುವ ಹಾಗೆ, ಎಂಜಿನ್ನಿನ ತಂತಿ ಎಳೆದು ಏರಿಸಿದ, ಇಳಿಸಿದ. ನೋಡು ಆಶಾನೇ, ನಮ್ಮಲ್ಲಿ ಹೀಗೇ, ಎಂದು ಮತ್ತೆ ಏರಿಸಿದ, ಇಳಿಸಿದ. ಏರಿಸಿದರೆ ಆ ಎಡ ನಟ್ಟು ಬಿಗಿಯಾಗುತ್ತದೆ. ತಟ್ಟನೆ ಇಳಿಸಿದರೆ ಎಂಜಿನ್ ತಡೆದರೂ ಪ್ರೊಪೆಲ್ಲರ್ ತನ್ನ ಜೋರಿನಲ್ಲಿ ಸುತ್ತುತ್ತದೆ, ನಟ್ಟು ಬಿಚ್ಚಿಕೊಳ್ಳುತ್ತದೆ. ಅದನ್ನು ತಡೆಯಲಿಕ್ಕೇ ಪಿನ್ನು ಇರುವುದು. ಫಿಟ್ಟರನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಮತ್ತೊಮ್ಮೆ ಇಳಿಸಿದಾಗ ಪ್ರೊಪೆಲ್ಲರ್ ಹೊರಟುಹೋಯಿತು. ಆಶಾರಿ ಮುಖಕ್ಕೆ ಅಡ್ಡ ಹಿಡಿದದ್ದು ಬಲಗೈ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮುಖ ಉಳಿಯಿತು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ನಡುವಿನ ಮೂರು ಹೋದವು. ತನ್ನ ಕೈಯಾರೆ ತೆಳ್ಳಗೆ ಮಾಡಿದ ಅಂಚು, ಆ ಅಂಚನ್ನು ಸವರಿ ನೋಡಿದ್ದ ಅವೇ ಬೆರಳುಗಳು. ಉಮಾಮಹೇಶ್ವರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತ. ಆಶಾರಿಯ ಹೆಂಡತಿ ಭಾರ್ಗವಿ ಬಂದವಳು ಅವನತ್ತ ನೋಡಿ, “ಪೂಜೆಯ ದಿನ ಮುಟ್ಟಕೂಡದು ಎಂದು ನಿನ್ನ ಮಗಳಿಗೂ ಗೊತ್ತು” ಎಂದಳು. ನಿಜವೇ. ಹಿಂದಿನ ಸಂಜೆ ಶಾಂತಾ ಶಾಲೆಯ ಪುಸ್ತಕಗಳನ್ನು ಪಕ್ಕದ ಮನೆಯ ಪೂಜೆಗಿಟ್ಟು ಬಂದು, ಇನ್ನು ದಶಮಿಯವರೆಗೆ ಓದುವ ಹಾಗಿಲ್ಲ ಎಂದು ಚಪ್ಪಾಳೆ ತಟ್ಟಿದ್ದಳು.

ಊರೆಲ್ಲ ಒಂದೇ ಮಾತು: ದೇವಿ ಮುನಿದಳು. ಅನಸೂಯಾ ಕೂಡ ತಪ್ಪುಕಾಣಿಕೆ ಕಟ್ಟಿದಳು. ಪೊಲೀಸಿನವರು ಬಂದು, ಆಕಸ್ಮಿಕ ಎಂದು ಹೇಳಿ ಹೋದರು. ಎಲ್ಲರೂ ದಿನವನ್ನು ಬೈದರು, ಉಮಾಮಹೇಶ್ವರನ ನಗುವನ್ನು ಯಾರೂ ಬೈಯಲಿಲ್ಲ. ಅದನ್ನು ಕಂಡವನು ಒಬ್ಬನೇ, ಅವನು ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ನೋಡಲು ಹೋದಾಗಲೆಲ್ಲ ಗೋಡೆಯ ಕಡೆಯೇ ತಿರುಗಿರುತ್ತಿದ್ದ.

ಆಮೇಲೆ ಉಮಾಮಹೇಶ್ವರನಿಗೆ ಲೇತಿನ ಮುಂದೆ ನಿಲ್ಲಲಾಗಲಿಲ್ಲ. ಕೆಲಸ ಬಿಟ್ಟ. ಸರ್ಕಾರಿ ನೌಕರಿ ಬಿಟ್ಟವನನ್ನು ನೆಂಟರೆಲ್ಲ ಹುಚ್ಚನೆಂದರು. ಹೆಂಡತಿ ಮಗಳನ್ನು ಕರೆದುಕೊಂಡು ಕೊಚ್ಚಿಗೆ ವಾಪಸ್ಸು ಬಂದು ದೋಣಿ ಎಂಜಿನ್‌ಗಳ ಕೆಲಸ ಹಿಡಿದ. ವಿಮಾನದ ಒಡಲನ್ನು ಅನಸೂಯಾ ಒಲೆಗೆ ಹಾಕಿದಳು. ಎಂಜಿನ್ನನ್ನು ಮಾತ್ರ, ಗೇಟಿನ ಬಳಿ ಸಿಕ್ಕ ಪ್ರೊಪೆಲ್ಲರ್, ನಟ್ಟು ಸಮೇತ, ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ಇಟ್ಟ. ಯಾಕೆ ಇಟ್ಟೆ ಎಂದರೆ ಅವನಿಗೇ ಗೊತ್ತಿಲ್ಲ.

ಮೊದಲ ವಿಜಯದಶಮಿಗೆ ಹೋದಾಗ ಭಾರ್ಗವಿ ಕದ ಹಾಕಿಕೊಂಡಳು. ಎರಡನೆಯ ಸಲ ಕದ ತೆರೆದೇ ಇತ್ತು. ಆಶಾರಿ ಜಗಲಿಯಲ್ಲಿ ಕೂತಿದ್ದ, ಬಲಗೈಯನ್ನು ತೋರ್ತು ಟವೆಲಿನಲ್ಲಿ ಸುತ್ತಿಕೊಂಡು. ಅವನ ಬೆನ್ನ ಹಿಂದೆ ಒಳಕೋಣೆಯಲ್ಲಿ ದೇವಿಯ ಪಟ, ಪಟದ ಮುಂದೆ ಹಲಗೆ, 
ಹಲಗೆಯ ಮೇಲೆ ಉಳಿ, ಬಾಚಿ, ಕೊಡತಿ, ಪಾನಾ. ಅವುಗಳ ಮೇಲೆ ಒಣಗಿದ ಹೂವು. ಬೇಲಿಯ ಹೊರಗಿನಿಂದಲೂ ಕಾಣುತ್ತಿತ್ತು. ಆಶಾರಿ ಇವನನ್ನು ನೋಡಿದ, ಕರೆಯಲಿಲ್ಲ. ಮೂರನೆಯ ಸಲ, ಇವನು ಹೊರಡಲು ತಿರುಗಿದಾಗ, ಹಿಂದಿನಿಂದ ದನಿ ಬಂತು.

“ಎಂಜಿನ್ ಇದೆಯಾ ಸ್ವಾಮಿ?”

ಉಮಾಮಹೇಶ್ವರ ತಟ್ಟನೆ ತಿರುಗಿದ. “ಇದೆ ಆಶಾನೇ.”

“ಮುಂದಿನ ದಶಮಿಗೆ ತನ್ನಿ.”

ಆ ಒಂದು ವರ್ಷ ಅವನು ಹೇಗೆ ಕಳೆದನೋ. ಅನಸೂಯಾ ಎಷ್ಟೋ ದಿನಗಳ ಮೇಲೆ ಅವನು ಊಟ ಮಾಡುತ್ತ ಮಾತಾಡುವುದನ್ನು ಕಂಡಳು. “ಮನಸ್ಸು ಕರಗಿರಬೇಕು ಕಣೇ. ಇಲ್ಲದಿದ್ದರೆ ಎಂಜಿನ್ ಯಾಕೆ ಕೇಳ್ತಾರೆ? ಎಡಗೈಯಲ್ಲಿ ಕೆತ್ತೋದು ಕಲ್ತಿದ್ದಾರೋ ಏನೋ” ಎನ್ನುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಗೋಣಿ ಬಿಚ್ಚಿ ಎಂಜಿನ್ನನ್ನು ತೊಳೆದ, ತುಕ್ಕು ಉಜ್ಜಿದ. ಪ್ರೊಪೆಲ್ಲರಿನ ಒಂದು ಅಂಚಿನಲ್ಲಿದ್ದ ಕಂದು ಕಲೆಯನ್ನು ಉಜ್ಜಲು ಹೋಗಿ ಬಿಟ್ಟುಬಿಟ್ಟ.

ನಾಲ್ಕನೆಯ ವರ್ಷ ಹಿಂದಿನ ದಿನವೇ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದು, ಬೆಳಗಾಗುತ್ತಲೇ ಗೋಣಿ ಹೊತ್ತು ಹೋದ. ಭಾರ್ಗವಿ ಬೇಲಿಯ ಪಡಿ ತೆಗೆದು ಪಕ್ಕಕ್ಕೆ ನಿಂತಳು. ಆಶಾರಿ ಅವನನ್ನು ನೇರ ಒಳಕೋಣೆಗೆ ಕರೆದೊಯ್ದು ಹಲಗೆಯ ಮುಂದೆ ಕೂರಿಸಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೂತ ಮೇಲೆ ಮಾತು ಶುರುಮಾಡಿದ, ಜೋರಾಗಿ ಏನಲ್ಲ, ಮರದ ಅಳತೆ ಹೇಳುವ ದನಿಯಲ್ಲಿ.

“ಊರವರು ದೇವಿ ಮುನಿದಳು ಅಂತಾರೆ. ದೇವಿಗೆ ಬೇರೆ ಕೆಲಸ ಇಲ್ಲವಾ? ಪಿನ್ನು ನನ್ನ ಸಂಚಿಯಲ್ಲಿತ್ತು. ಹೇಳದೆ ಬಂದದ್ದು ನನ್ನ ತಪ್ಪು. ಅದಕ್ಕೆ ನಾನು ಅತ್ತು ಮುಗಿಸಿದ್ದೇನೆ. ಒಂದು ಕೇಳುತ್ತೇನೆ. ನಾನು ಕೈ ಬೀಸಿದಾಗ ಸ್ವಾಮಿ ಯಾಕೆ ನಕ್ಕದ್ದು?”

ಉಮಾಮಹೇಶ್ವರ ಗೋಣಿಯ ಗಂಟು ಬಿಚ್ಚುತ್ತ ಕೂತ. ಕೊನೆಗೆ, “ಜಗಳಕ್ಕೆ ಬಂದಿರಿ ಅಂದುಕೊಂಡೆ ಆಶಾನೇ. ಪೂಜೆಯ ದಿನ ಮುಟ್ಟಿದೆ ಅಂತ” ಎಂದ.

“ಜಗಳಕ್ಕೆ ಬರುವವನು ಊಟ ಬಿಟ್ಟು ಹಾಗೆ ಓಡಿ ಬರುತ್ತಾನಾ?”

ಆಶಾರಿ ಉತ್ತರಕ್ಕೆ ಕಾಯಲಿಲ್ಲ. ಹಲಗೆಯ ಕಡೆ ಗಲ್ಲ ತೋರಿಸಿ, “ಆ ಪಾನಾ ತಗೊಳ್ಳಿ. ಪಿನ್ನು ಅದರ ಕೆಳಗೆ ಇದೆ” ಎಂದ.

ಪೂಜೆಗಿಟ್ಟದ್ದನ್ನು ಇಟ್ಟವನೇ ಎತ್ತಬೇಕಲ್ಲವೇ ಎಂದು ಉಮಾಮಹೇಶ್ವರ ಅನುಮಾನಿಸಿದ. ಆಶಾರಿ ನೋಡುತ್ತ ಕೂತ. ಇವನು ಹೂವಿನ ಪುಡಿ ಸರಿಸಿ ಪಾನಾ ಎತ್ತಿದ. ಎಂಜಿನ್ನನ್ನು ಕಾಲುಗಳ ನಡುವೆ ನಿಲ್ಲಿಸಿ ಪ್ರೊಪೆಲ್ಲರ್ ಕೂರಿಸಿದ. ನಟ್ಟು ಹಾಕಿ, ಅಭ್ಯಾಸಬಲದಿಂದ ಬಲಕ್ಕೆ ತಿರುವಿದ. ಅದು ಬಿಚ್ಚಿಕೊಂಡು ಬಂತು.

“ಎಡಕ್ಕೆ” ಎಂದ ಆಶಾರಿ.

ಎಡಕ್ಕೆ ತಿರುವಿ ಬಿಗಿ ಮಾಡಿದ. ತೂತು ಸಿಗಲು ಹೊತ್ತು ಹಿಡಿಯಿತು. ಪಿನ್ನು ತೂರಿಸಿ ತುದಿಗಳನ್ನು ಅಗಲಿಸಿದ. ಆಶಾರಿ ಬಗ್ಗಿ ಎಡಗೈಯ ಬೆರಳಿನಿಂದ ಪಿನ್ನಿನ ತುದಿ ಮುಟ್ಟಿದ. ಪ್ರೊಪೆಲ್ಲರನ್ನು ಹಿಡಿದು ಅಲುಗಿಸಿದ. ಅದು ಅಲುಗಲಿಲ್ಲ.

“ಪಣಿ ತೀರ್ನು” ಎಂದ. ಕೆಲಸ ಮುಗಿಯಿತು ಎಂದು ಅದರ ಅರ್ಥ. “ಅರ್ಧಕ್ಕೆ ನಿಂತ ಕೆಲಸ ನಾಲ್ಕು ವರ್ಷ ನಿದ್ದೆ ಕೊಡಲಿಲ್ಲ. ಅದಕ್ಕೇ ಕರೆಸಿದ್ದು. ಎಂಜಿನ್ ತಗೊಂಡು ಹೋಗಿ ಸ್ವಾಮಿ. ಇನ್ನು ಬರಬೇಡಿ.”

“ಮತ್ತೆ ಉಳಿ…” ಎಂದು ಉಮಾಮಹೇಶ್ವರ ಹಲಗೆಯ ಕಡೆ ನೋಡಿದ.

“ಅವು ನನ್ನವು” ಎಂದ ಆಶಾರಿ. ಎತ್ತುತ್ತೇನೆ ಎಂದೂ ಹೇಳಲಿಲ್ಲ, ಎತ್ತುವುದಿಲ್ಲ ಎಂದೂ ಹೇಳಲಿಲ್ಲ. ಎದ್ದು ಒಳಕೋಣೆಯ ಕದ ಎಳೆದುಕೊಂಡ. ಭಾರ್ಗವಿ ಒಂದು ಲೋಟ ಮಜ್ಜಿಗೆ ತಂದು ಜಗಲಿಯ ಮೇಲೆ ಇಟ್ಟಳು. ಅವನು ಕುಡಿದ, ಲೋಟ ಬೋರಲು ಹಾಕಿ ಹೊರಟ.

ಕೊಚ್ಚಿಗೆ ಬಂದವನು ಗೋಣಿಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಅನಸೂಯಾ ಎಂದಿನ ಹಾಗೆ ಕೇಳಿದಳು. “ಏನೂಂದ್ರೆ, ಉಳಿ ಎತ್ತಿದರಾ?”

“ಇನ್ನು ಅದನ್ನು ಕೇಳಬೇಡ ಕಣೇ” ಎಂದ. “ಅದು ನಮಗೆ ಗೊತ್ತಾಗೋದಿಲ್ಲ.”

ಮರುವರ್ಷ ವಿಜಯದಶಮಿಗೆ ಅನಸೂಯಾ ಏನೂ ಯೋಚಿಸದೆ ಹಿಂದಿನ ದಿನವೇ ಅಂಗಿ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದಳು. ಅವನು ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ಅದನ್ನು ತೊಟ್ಟ. ತೊಟ್ಟು ಹೊಸ್ತಿಲ ಮೇಲೆ ಕೂತ. ರೈಲು ಹೊರಡುವ ಹೊತ್ತು ಆಯಿತು, ಆ ಹೊತ್ತು ದಾಟಿಯೂ ಹೋಯಿತು. ಕಾಫಿ ತಂದ ಅನಸೂಯಾ ಅವನನ್ನು ಕಂಡು ತಾನೂ ಪಕ್ಕದಲ್ಲಿ ಕೂತಳು. ಲೋಟ ತಣ್ಣಗಾಗುವವರೆಗೆ ಇಬ್ಬರೂ ಅಲ್ಲೇ ಇದ್ದರು.